ಮಗುಚಿ ನೋಡುವ ಧರ್ಮ

ಕಾರಿನ ತಳವನ್ನು ಯಾರು ನೋಡುತ್ತಾರೆ? ಹಳೆಯ ಕಾರನ್ನು ಇಟ್ಟುಕೊಂಡವರೆಲ್ಲ ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ, ಅಥವಾ ತಾವೇ ಆಡಿರುತ್ತಾರೆ. ಕೇಳಲು ಪ್ರಶ್ನೆಯಂತಿದ್ದರೂ ಅದರ ಹೊಟ್ಟೆಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಯಾರೂ ನೋಡುವುದಿಲ್ಲ, ಆದ್ದರಿಂದ ಅಲ್ಲಿ ದುಡ್ಡನ್ನೂ ದುಡಿಮೆಯನ್ನೂ ಸುರಿಯುವುದು ಬೇಡ. ಬಾಗಿಲಿಗೆ ಬಣ್ಣ ಹೊಡೆಸಿ, ಬಂಪರಿಗೆ ಹೊಳಪು ಕೊಡಿಸಿ, ಸೀಟಿಗೆ ಹೊಸ ಬಟ್ಟೆ ಹಾಕಿಸಿ. ತಳ ಹೇಗಾದರೂ ಇರಲಿ.

ಈ ಸಣ್ಣ ಮಾತು ನೀತಿಶಾಸ್ತ್ರದ ಒಂದು ದೊಡ್ಡ ಪ್ರಶ್ನೆಯ ಹೊಸ್ತಿಲಲ್ಲೇ ನಿಂತಿದೆ. ಯಾರ ಕಣ್ಣೂ ಬೀಳದ ಕಡೆಯ ಕೆಲಸವನ್ನು ಚೆನ್ನಾಗಿ ಏಕೆ ಮಾಡಬೇಕು? ಹಿರಿಯರು ಎರಡು ಉತ್ತರ ಕೊಟ್ಟಿದ್ದಾರೆ. ದೇವರು ನೋಡುತ್ತಾನೆ ಎಂಬುದು ಒಂದು; ನಮ್ಮ ಮನಸ್ಸಾಕ್ಷಿ ನೋಡುತ್ತದೆ ಎಂಬುದು ಇನ್ನೊಂದು. ಎರಡನ್ನೂ ನಾವು ಗೌರವಿಸುತ್ತೇವೆ. ಆದರೆ ಎರಡೂ ಉತ್ತರಗಳು ಕೆಲಸ ಮಾಡುವವನ ಮನಸ್ಸನ್ನು ಮಾತ್ರ ವಿಚಾರಿಸುತ್ತವೆ. ಅವನ ಬೆನ್ನು, ಕತ್ತು, ಕಣ್ಣುಗಳ ಗತಿಯೇನೆಂದು ಕೇಳುವುದಿಲ್ಲ. ಕಾಸಿಮೇಡಿನ ಒಂದು ಶೆಡ್ಡಿನಲ್ಲಿ ನಾವು ಮೂರು ಮನೆಯವರು ಸೇರಿ, ಕಾರಿನ ಮೈಯನ್ನು ಮಗುಚಿ ನಿಲ್ಲಿಸುವ ಒಂದು ತಿರುಗು ಸ್ಟ್ಯಾಂಡನ್ನು ಕಟ್ಟಿದೆವು. ಆ ಕೆಲಸದ ನಡುವೆ ಮೂರನೆಯ ಉತ್ತರವೊಂದು ನಮಗೆ ಹೊಳೆಯಿತು. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕಾಸಿಮೇಡೆಂದರೆ ಚೆನ್ನೈನಲ್ಲಿರುವವರಿಗೆ ಮೀನು ಬಂದರು. ನಗರದ ಉತ್ತರ ಭಾಗದಲ್ಲಿ, ರಾಯಪುರಕ್ಕೆ ಅಂಟಿಕೊಂಡಂತೆ ಇದೆ. ೧೮೫೬ರ ಜುಲೈ ೧ರಂದು ದಕ್ಷಿಣ ಭಾರತದ ಮೊದಲ ರೈಲು ಹೊರಟದ್ದು ಇದೇ ರಾಯಪುರದ ನಿಲ್ದಾಣದಿಂದ. ಸಸ್ಯಾಹಾರಿಗಳಾದ ನಮ್ಮವರಲ್ಲಿ ಅನೇಕರು ಆ ಕಡೆ ತಲೆ ಹಾಕಿದವರಲ್ಲ. ಟಿ. ನಗರ, ಮೈಲಾಪುರ, ಐನಾವರಗಳಲ್ಲಿ ನೆಲೆಸಿ, ಕಾಸಿಮೇಡಿನ ಹೆಸರನ್ನು ಚಂಡಮಾರುತದ ಸುದ್ದಿಯಲ್ಲಿ ಮಾತ್ರ ಕೇಳಿದವರೇ ಹೆಚ್ಚು. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಅಲ್ಲಿಯ ದೋಣಿಗಳು ಒಂದರ ಮೇಲೊಂದು ಬಿದ್ದಿದ್ದ ಚಿತ್ರಗಳು ಕೆಲವರಿಗೆ ನೆನಪಿರಬಹುದು.

ಆ ಬಂದರಿಗೆ ವರ್ಷದಲ್ಲಿ ಒಂದು ವಿಚಿತ್ರವಾದ ಕಾಲ ಬರುತ್ತದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ, ೬೧ ದಿನ, ಯಂತ್ರದ ದೋಣಿಗಳು ಮೀನು ಹಿಡಿಯಲು ಹೋಗುವಂತಿಲ್ಲ. ನಮ್ಮ ಮಲ್ಪೆ, ಮಂಗಳೂರುಗಳಲ್ಲಿ ಇದೇ ನಿಷೇಧ ಜೂನ್ ೧ರಿಂದ ಜುಲೈ ೩೧ರವರೆಗೆ ಇರುತ್ತದೆ. ಮೀನಿನ ಸಂತಾನ ಬೆಳೆಯಲೆಂದು ಮಾಡಿದ ಕಾನೂನು ಇದು. ಆದರೆ ದೋಣಿಗೂ ಇದರಿಂದ ಒಂದು ಉಪಕಾರವಾಗಿದೆ. ನೀರಿನಲ್ಲಿದ್ದಾಗ ಯಾರಿಗೂ ಕಾಣದ ಅದರ ಹೊಟ್ಟೆ ಈ ದಿನಗಳಲ್ಲಿ ಬಿಸಿಲು ಕಾಣುತ್ತದೆ. ದೊಡ್ಡ ದೋಣಿಗಳನ್ನು ದಡಕ್ಕೆ ಎಳೆದು ದಿಮ್ಮಿಗಳ ಮೇಲೆ ನಿಲ್ಲಿಸುತ್ತಾರೆ. ಚಿಕ್ಕ ಫೈಬರ್ ದೋಣಿಗಳನ್ನು ಹತ್ತು ಜನ ಕೈಹಚ್ಚಿ ಬೋರಲು ಹಾಕುತ್ತಾರೆ. ತಳಕ್ಕೆ ಅಂಟಿದ ಕಡಲಚಿಪ್ಪುಗಳನ್ನು ಕೆರೆದು, ಬಿರುಕಿಗೆ ತೇಪೆ ಹಾಕಿ, ಬಣ್ಣ ಬಳಿಯುತ್ತಾರೆ. ದೋಣಿಯ ತಳವನ್ನು ಯಾರು ನೋಡುತ್ತಾರೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸಮುದ್ರ ನೋಡುತ್ತದೆ. ಬೆರಳಗಲದ ಒಂದು ತೂತು ಸಾಕು, ನೀರು ಅದನ್ನು ತಪ್ಪದೆ ಹುಡುಕಿಕೊಂಡು ಒಳಗೆ ಬರುತ್ತದೆ.

ಕಾರಿಗೆ ಇಂಥ ಸಮುದ್ರವೂ ಇಲ್ಲ, ಇಂಥ ನಿಷೇಧದ ಕಾಲವೂ ಇಲ್ಲ. ಅದರ ತಳ ತುಕ್ಕು ಹಿಡಿದರೂ ಅದು ಓಡುತ್ತಲೇ ಇರುತ್ತದೆ. ಮುಳುಗುವ ದೋಣಿ ಸುಳ್ಳು ಹೇಳಲಾರದು. ತುಕ್ಕು ಹಿಡಿದ ಕಾರು ಹತ್ತು ವರ್ಷ ಹೇಳಬಲ್ಲದು. ನೀತಿಯ ಪ್ರಶ್ನೆ ದೋಣಿಯಲ್ಲಿ ಹುಟ್ಟದೆ ಕಾರಿನಲ್ಲಿ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ನಮ್ಮ ಮೂರು ಮನೆಗಳಲ್ಲಿ ಒಂದರದು ಪ್ರೀಮಿಯರ್ ಪದ್ಮಿನಿ ಕಾರು. ಇಟಲಿಯ ಫಿಯೆಟ್ ೧೧೦೦ ಕಾರಿನ ಭಾರತೀಯ ರೂಪ ಇದು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತವಾದದ್ದು ೨೦೨೩ರ ಅಕ್ಟೋಬರಿನಲ್ಲಿ. ಉಡುಪಿಯ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದು, ಮುಂದೆ ಸ್ವಂತ ಅಂಗಡಿ ಇಟ್ಟ ಹಿರಿಯರು ಕೊಂಡ ಕಾರು ಅದು. ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ೧೯೬೨ರಿಂದ ೨೦೦೮ರವರೆಗೆ ಕೆಥೀಡ್ರಲ್ ರಸ್ತೆಯಲ್ಲಿ ನಡೆಯಿತಲ್ಲ, ಅದರ ಮರಗಳ ನೆರಳಿನಲ್ಲಿ ಎಷ್ಟೋ ಭಾನುವಾರ ನಿಂತ ಕಾರು. ಹಿರಿಯರು ಹೋದ ಮೇಲೆ ಅದನ್ನು ಗುಜರಿಗೆ ಹಾಕುವುದೋ, ಮಾರುವುದೋ, ಸರಿಮಾಡಿಸಿ ಇಟ್ಟುಕೊಳ್ಳುವುದೋ ಎಂಬ ಚರ್ಚೆ ನಡೆಯಿತು. ಹಳೆಯ ಕಾರಿನ ವ್ಯಾಪಾರಿಯೊಬ್ಬರು ಬಂದು ನೋಡಿ, ಎರಡು ಡಬ್ಬ ಪುಟ್ಟಿ, ಒಂದು ಕೋಟು ಬಣ್ಣ, ಇಷ್ಟು ಮಾಡಿಸಿದರೆ ಒಳ್ಳೆಯ ಬೆಲೆಗೆ ಹೋಗುತ್ತದೆ ಎಂದರು. ಅವರ ಲೆಕ್ಕ ತಪ್ಪಿರಲಿಲ್ಲ. ಕೊಳ್ಳುವವರು ಮೇಲೆ ನೋಡುತ್ತಾರೆ, ಕೆಳಗೆ ನೋಡುವುದಿಲ್ಲ.

ಪದ್ಮಿನಿಯಂಥ ಕಾರಿನ ರಚನೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಲಾರಿಗೆ ಉಕ್ಕಿನ ಚಾಸಿ ಬೇರೆ, ಅದರ ಮೇಲೆ ಕೂರಿಸಿದ ಮೈ ಬೇರೆ. ಪದ್ಮಿನಿ, ಅಂಬಾಸಿಡರ್ ಕಾರುಗಳು ಹಾಗಲ್ಲ. ಅವುಗಳಲ್ಲಿ ನೆಲ, ಗೋಡೆ, ಛಾವಣಿ ಎಲ್ಲ ಒಂದಕ್ಕೊಂದು ಬೆಸೆದು ಒಂದೇ ಡಬ್ಬವಾಗಿ ಭಾರ ಹೊರುತ್ತವೆ. ಬಾಗಿಲ ಕೆಳಗಿನ ಹೊಸ್ತಿಲಿನಂಥ ಭಾಗ ಒಳಗೆ ಟೊಳ್ಳಾದ ಪೆಟ್ಟಿಗೆ. ಅದರೊಳಗೆ ಹೋದ ನೀರು ಇಳಿದುಹೋಗಲು ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು ಕೂತು ಆ ತೂತುಗಳು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ಚೆನ್ನೈನ ಉಪ್ಪುಗಾಳಿ ಅದಕ್ಕೆ ಜತೆಯಾಗುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಪದರ ಪದರವಾಗಿ ಉಬ್ಬಿ ಬೆಸುಗೆಯನ್ನೇ ಒಡೆಯುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ರೋಗ ಬಲಿತಿರುತ್ತದೆ. ನೆಲ ಕಾರಿನ ಶೃಂಗಾರವಲ್ಲ, ಬೆನ್ನೆಲುಬು. ಅದು ಹೋದರೆ ಅಪಘಾತದ ಹೊತ್ತಿನಲ್ಲಿ ಒಳಗೆ ಕೂತವರನ್ನು ಕಾಯುವುದು ಏನೂ ಉಳಿಯುವುದಿಲ್ಲ.

ನಮ್ಮಲ್ಲಿ ಎಲ್ಲರ ಮನೆ ದೋಸೆಯೂ ತೂತೇ ಎಂದು ಗಾದೆಯಿದೆ. ತಪ್ಪನ್ನು ಸಮಾಧಾನವಾಗಿ ಒಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. ಇದಕ್ಕೆ ಒಂದು ಬಾಲವೂ ಇದೆ: ಅವರ ಮನೆ ದೋಸೆ ತೂತಾದರೆ ನಮ್ಮ ಮನೆಯ ಕಾವಲಿಯೇ ತೂತು! ಬಾಗಿಲಿನ ಮೇಲಿನ ಗೀರು ದೋಸೆಯ ತೂತು. ಅದು ಎಲ್ಲರ ಕಾರಿಗೂ ಇರುತ್ತದೆ, ಇರಲಿ. ನೆಲದ ತುಕ್ಕು ಕಾವಲಿಯ ತೂತು. ಕಾವಲಿಯ ತೂತಿಗೆ ಹಿಟ್ಟು ಮೆತ್ತಿ ದೋಸೆ ಹೊಯ್ಯುವ ಜಾಣತನಕ್ಕೇ ಕಾರಿನ ಲೋಕದಲ್ಲಿ ಪುಟ್ಟಿ ಎಂದು ಹೆಸರು.

ಹಾಗಾದರೆ ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರೆ? ಹಾಗೆಂದು ಸುಲಭವಾಗಿ ತೀರ್ಪು ಕೊಡುವವರು ಒಮ್ಮೆ ಕಾರಿನ ಕೆಳಗೆ ಮಲಗಿ ನೋಡಬೇಕು. ಜಾಕಿಯ ಮೇಲೆ ನಿಂತ ಭಾರ ಎದೆಯಿಂದ ಒಂದು ಗೇಣು ಮೇಲೆ. ಕೈಯಲ್ಲಿ ಬೆಸುಗೆಯ ಪಿಸ್ತೂಲು. ತಲೆಯ ಮೇಲಿನ ತಗಡಿಗೆ ಬೆಸುಗೆ ಹಾಕುವಾಗ ಕರಗಿದ ಲೋಹ ತಗಡಿಗೆ ಕಚ್ಚಿಕೊಳ್ಳುವ ಬದಲು ಕೆಳಗೆ ಇಳಿಯುತ್ತದೆ, ಕೊರಳಪಟ್ಟಿಯೊಳಗೆ ಬೀಳುತ್ತದೆ. ಕೆರೆದ ತುಕ್ಕು, ಹಳೆಯ ಬಣ್ಣದ ಪುಡಿ ಕಣ್ಣಿಗೂ ಮೂಗಿಗೂ ಬರುತ್ತವೆ. ಹಳೆಯ ಬಣ್ಣಗಳಲ್ಲಿ ಸೀಸವಿರುವುದೂ ಉಂಟು. ಐದು ನಿಮಿಷಕ್ಕೆ ಕತ್ತು ಸೋಲುತ್ತದೆ. ಹೀಗಿರುವಾಗ ನಾಲ್ಕು ಅಂಗುಲ ಬೆಸುಗೆಯ ಕಡೆ ಒಂದಂಗುಲ ಹಾಕಿ, ಉಳಿದದ್ದಕ್ಕೆ ಕಪ್ಪು ಡಾಂಬರು ಬಳಿದು ಮುಚ್ಚಿದರೆ ಅದು ಪಾಪವೋ, ದಣಿವೋ? ಹೊರಗೆ ನಿಂತು ನೋಡುವವರಿಗೆ ಹೇಳಲು ಬರುವುದಿಲ್ಲ. ಆ ಸ್ಥಿತಿಯಲ್ಲಿ ಮಲಗಿದವನಿಗೂ ಹೇಳಲು ಬರುವುದೋ ಇಲ್ಲವೋ, ಅನುಮಾನ.

ನಮ್ಮ ಸ್ಟ್ಯಾಂಡು ಹುಟ್ಟಿದ್ದು ಇಲ್ಲಿ. ಕಾರಿನ ಕೆಳಗೆ ಮನುಷ್ಯ ಹೋಗುವ ಬದಲು ಮನುಷ್ಯನ ಮುಂದೆ ಕಾರಿನ ತಳ ಬರುವಂತೆ ಮಾಡುವ ಉಪಾಯ ಅದು. ಹೊಸದೇನೂ ಅಲ್ಲ. ಪಶ್ಚಿಮದ ದೇಶಗಳಲ್ಲಿ ಹಳೆಯ ಕಾರುಗಳ ಪ್ರೇಮಿಗಳು ಇದನ್ನು ರೊಟಿಸರಿ ಎನ್ನುತ್ತಾರೆ. ಮಾಂಸವನ್ನು ಸಲಾಕೆಗೆ ಪೋಣಿಸಿ ಕೆಂಡದ ಮೇಲೆ ತಿರುಗಿಸುವ ಒಲೆಯ ಹೆಸರು ಅದು. ಕಾರಿನ ಎಂಜಿನ್ನು, ಗೇರುಪೆಟ್ಟಿಗೆ, ಚಕ್ರ, ಗಾಜು, ಸೀಟು, ಪೆಟ್ರೋಲ್ ಟ್ಯಾಂಕು ಎಲ್ಲ ಕಳಚಿ, ಉಳಿದ ಬರಿಯ ಡಬ್ಬವನ್ನು ಮುಂದೊಂದು ಹಿಂದೊಂದು ಕಂಬದ ನಡುವೆ ತೂಗಿಹಾಕಿ, ಸಲಾಕೆಯ ಹಾಗೆ ತಿರುಗಿಸುವುದು.

ಕಟ್ಟುವ ಬಗೆ ಸರಳ. ಎರಡು ಅಂಗುಲ ಚಚ್ಚೌಕದ ಉಕ್ಕಿನ ಕೊಳವೆಗಳಿಂದ ಅಗಲ ಕಾಲಿನ ಎರಡು ಕಂಬ. ಪ್ರತಿ ಕಂಬದೊಳಗೆ ಎತ್ತರ ಹೆಚ್ಚುಕಡಿಮೆ ಮಾಡಲು ಒಂದರೊಳಗೊಂದು ಜಾರುವ ಕೊಳವೆ. ಕಂಬದ ತಲೆಯಲ್ಲಿ ದಪ್ಪ ಪೈಪಿನೊಳಗೆ ಇನ್ನೊಂದು ಪೈಪು; ಇದೇ ತಿರುಗಣಿ. ಒಳಗಿನ ಪೈಪಿಗೆ ಒಂದು ಅಡ್ಡಪಟ್ಟಿ, ಅದನ್ನು ಕಾರಿನ ಬಂಪರು ಕೂರುವ ಜಾಗಕ್ಕೆ ಬೋಲ್ಟು ಹಾಕುವುದು. ತಿರುಗಣಿಯ ಬದಿಗೆ ಸುತ್ತಲೂ ೧೨ ತೂತಿರುವ ಉಕ್ಕಿನ ಬಿಲ್ಲೆ. ೩೦ ಡಿಗ್ರಿಗೊಂದರಂತೆ ಯಾವ ಕೋನದಲ್ಲಿ ಬೇಕಾದರೂ ಸರಳು ತೂರಿಸಿ ಭದ್ರಪಡಿಸಬಹುದು. ಎರಡು ಕಂಬಗಳೂ ದೂರ ಸರಿಯದಂತೆ ನೆಲಮಟ್ಟದಲ್ಲಿ ಒಂದು ಉದ್ದನೆಯ ಕೊಳವೆ. ಪುದುಪೇಟೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬೇಕಾದದ್ದೆಲ್ಲ ಸಿಕ್ಕಿತು. ಬೆಸುಗೆಗೆ ಕಾಸಿಮೇಡಿನ ದೋಣಿ ಕೆಲಸಗಾರರೇ ಸರಿ ಎಂದು ಅಲ್ಲಿಗೆ ಹೋದೆವು. ನಿಷೇಧದ ಎರಡು ತಿಂಗಳು ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಜೂನ್ ಮಧ್ಯದಲ್ಲಿ ದೋಣಿಗಳು ನೀರಿಗಿಳಿದ ಮೇಲೆ ನಮ್ಮ ಸರದಿ ಬಂತು.

ಈ ಕೆಲಸದಲ್ಲಿ ಎರಡು ಸೂಕ್ಷ್ಮಗಳಿವೆ, ಎರಡರಲ್ಲೂ ಬುದ್ಧಿಮಾತಿದೆ. ಮೊದಲನೆಯದು ಭಾರದ ನಡುಬಿಂದು. ತಿರುಗುವ ಅಕ್ಷ ಕಾರಿನ ಭಾರದ ನಡುಬಿಂದುವಿಗೆ ಹತ್ತಿರ ಹಾಯಬೇಕು. ಡಬ್ಬದ ತೂಕ ೩೦೦ ಕಿಲೋ ಎಂದಿಟ್ಟುಕೊಳ್ಳಿ. ಅಕ್ಷ ಐದೇ ಸೆಂಟಿಮೀಟರು ತಪ್ಪಿದರೆ, ಅಡ್ಡ ತಿರುಗಿದ ಡಬ್ಬವನ್ನು ಹಿಡಿದಿಡಲು ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ ೩೦ ಕಿಲೋ ಭಾರ ಹೊರಬೇಕು. ನಡುಬಿಂದು ಅಕ್ಷಕ್ಕಿಂತ ಮೇಲಿದ್ದರೆ ಇನ್ನೂ ಅಪಾಯ. ಸರಳು ತೆಗೆದೊಡನೆ ಡಬ್ಬ ತಾನಾಗಿ ಮಗುಚಿಕೊಳ್ಳಬಹುದು. ಕೂದಲೆಳೆಯಷ್ಟು ಕೆಳಗಿದ್ದರೆ ಒಂದೇ ಕೈಯಿಂದ ತಿರುಗುತ್ತದೆ, ಬಿಟ್ಟರೆ ನಿಧಾನವಾಗಿ ನೆಟ್ಟಗಾಗುತ್ತದೆ. ಎರಡನೆಯದು ಆಧಾರ. ಕೊಳೆತ ನೆಲವನ್ನು ಕತ್ತರಿಸುವ ಮುಂಚೆ ಬಾಗಿಲಿನ ಚೌಕಟ್ಟುಗಳಿಗೆ ಅಡ್ಡಸರಳು ಬೆಸೆಯಬೇಕು. ಇಲ್ಲದಿದ್ದರೆ ಬೆನ್ನೆಲುಬು ತೆಗೆದ ದೇಹದಂತೆ ಡಬ್ಬ ನಡುವೆ ಕುಸಿಯುತ್ತದೆ. ಮುಂದೆ ಯಾವ ಬಾಗಿಲೂ ಚೌಕಟ್ಟಿಗೆ ಕೂರುವುದಿಲ್ಲ. ದೋಷವನ್ನು ಹೊರಗೆಳೆಯುವವನು, ಎಳೆಯುವಾಗ ವಸ್ತು ಮುರಿಯದಂತೆ ಮೊದಲು ಆಧಾರ ಕೊಟ್ಟಿರಬೇಕು.

ಡಬ್ಬ ಮಗುಚಿ ನಿಂತ ದಿನ ಅದರ ನಲವತ್ತು ವರ್ಷದ ಚರಿತ್ರೆ ಸೊಂಟದೆತ್ತರದಲ್ಲಿ, ಹಗಲು ಬೆಳಕಿನಲ್ಲಿ ಬಿಚ್ಚಿಕೊಂಡಿತು. ಡಾಂಬರನ್ನು ಕೆರೆದರೆ ತೇಪೆ, ತೇಪೆಯ ಕೆಳಗೆ ಇನ್ನೊಂದು ತೇಪೆ. ಬೆಸುಗೆಯೇ ಇಲ್ಲದೆ ಅಂಟಿನಿಂದ ನಿಂತ ತಗಡು ಒಂದು ಕಡೆ. ಅದರ ಪಕ್ಕದಲ್ಲೇ, ಕೈ ತೂರಲೂ ಕಷ್ಟವಾದ ಒಂದು ಮೂಲೆಯಲ್ಲಿ, ಯಾರೋ ಹೆಸರಿಲ್ಲದ ಕೆಲಸಗಾರ ಒಂದೊಂದು ಚುಕ್ಕಿಯನ್ನೂ ಸಮನಾಗಿ ಇಟ್ಟು ಹಾಕಿದ ಅಚ್ಚುಕಟ್ಟಾದ ಬೆಸುಗೆ. ಎಷ್ಟೋ ವರ್ಷ ಯಾರೂ ಅದನ್ನು ನೋಡಿರಲಿಲ್ಲ. ಅದು ಹಿಡಿದುಕೊಂಡೇ ಇತ್ತು. ಕಾಸಿಮೇಡಿನ ಬೆಸುಗೆಗಾರರು ಅದರ ಮೇಲೆ ಬೆರಳಾಡಿಸಿ ನೋಡಿ, ಇದನ್ನು ಮುಟ್ಟುವುದು ಬೇಡ ಎಂದು ಸುಣ್ಣದಕಡ್ಡಿಯಿಂದ ಗುರುತು ಮಾಡಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಹಳೆಯ ವಾಹನವನ್ನು ಕುರಿತು ತತ್ತ್ವಜ್ಞರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಬೇರೆ. ಮಿಲಿಂದಪಞ್ಹದಲ್ಲಿ ನಾಗಸೇನ ಭಿಕ್ಷು ಮಿಲಿಂದರಾಜನನ್ನು, ರಥವೆಂದರೆ ಯಾವುದು, ಅಚ್ಚೋ, ಚಕ್ರವೋ, ನೊಗವೋ ಎಂದು ಕೇಳುತ್ತಾನೆ. ಬಿಡಿಭಾಗಗಳನ್ನೆಲ್ಲ ಬದಲಾಯಿಸಿದ ಮೇಲೂ ಅದು ಅದೇ ರಥವೇ ಎಂಬ ಚರ್ಚೆ ಹೀಗೆಯೇ ಹುಟ್ಟುತ್ತದೆ. ೨೦೨೧ರ ಕೇಂದ್ರ ಸರಕಾರದ ನಿಯಮವೂ ಈ ಚರ್ಚೆಯಲ್ಲಿ ಕೈಹಾಕಿದೆ; ೫೦ ವರ್ಷ ದಾಟಿ, ಚಾಸಿ, ಮೈ, ಎಂಜಿನ್ನುಗಳು ಗಣನೀಯವಾಗಿ ಮಾರ್ಪಡದೆ ಮೂಲರೂಪದಲ್ಲಿರುವ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಮನ್ನಣೆ. ಒಳ್ಳೆಯ ಪ್ರಶ್ನೆಗಳೇ. ಆದರೆ ರಾಜನಾಗಲಿ ಭಿಕ್ಷುವಾಗಲಿ ರಥವನ್ನು ಮಗುಚಿ ನೋಡಲಿಲ್ಲ. ನಮಗೆ ಕಾಡಿದ್ದು, ಕಾರು ಅದೇ ಹೌದೋ ಅಲ್ಲವೋ ಎಂಬುದಕ್ಕಿಂತ, ಆ ಅಂಟಿನ ತೇಪೆಗೆ ಯಾರು ಹೊಣೆ ಎಂಬುದು.

ಹೊಣೆ ಮೂರು ಪಾಲಾಗುತ್ತದೆ ಎಂದು ನಮಗೆ ತೋರುತ್ತದೆ. ಅಂಟು ಹಚ್ಚಿದವನದು ಒಂದು ಪಾಲು. ಮೇಲೆ ಚೆನ್ನಾಗಿ ಕಂಡರೆ ಸಾಕು, ನಾಳೆಯೇ ಬೇಕು, ಅರ್ಧ ದುಡ್ಡಿಗೆ ಬೇಕು ಎಂದ ಮಾಲಿಕನದು ಇನ್ನೊಂದು. ಪುಟ್ಟಿ ಹಚ್ಚುವ ಕೈ ಕೆಲಸಗಾರನದಾದರೂ ಅದರ ಬೆಲೆ ಕಟ್ಟಿದವನು ಗಿರಾಕಿ. ಮೂರನೆಯ ಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ: ತಳವನ್ನು ತಲುಪಲಾಗದಂತೆ ಇಟ್ಟ ವ್ಯವಸ್ಥೆಯದು. ಬೆನ್ನ ಮೇಲೆ ಮಲಗಿ, ಕಣ್ಣಿಗೆ ಕಿಡಿ ಬೀಳಿಸಿಕೊಂಡು ಪ್ರಾಮಾಣಿಕನಾಗಿರು ಎಂದು ಹೇಳುವುದು ಸುಲಭ. ಹಾಗೆ ಹೇಳುವ ಮುಂಚೆ ಅವನಿಗೊಂದು ಸ್ಟ್ಯಾಂಡು ಕಟ್ಟಿಕೊಡುವುದು ಹೇಳುವವನ ಧರ್ಮ. ನಾವು ಕಂಡ ಮೂರನೆಯ ಉತ್ತರ ಇದೇ. ಕಾಣದ ಮಗ್ಗುಲಿನ ಕೆಲಸ ಚೆನ್ನಾಗಿರಬೇಕೆಂದು ಬಯಸುವವರು ಆ ಮಗ್ಗುಲನ್ನು ಮೊದಲು ಕೈಗೂ ಕಣ್ಣಿಗೂ ಎಟುಕುವಂತೆ ಮಾಡಬೇಕು.

ಧಾರವಾಡದ ಕಡೆಯ ಓದುಗರಿಗೆ ಇದನ್ನು ಕಸೂತಿಯಿಂದ ಹೇಳಿದರೆ ಬೇಗ ತಿಳಿದೀತು. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ. ಸೆರಗಿನ ಹಿಂಬದಿಯೂ ಮುಂಬದಿಯಂತೆಯೇ ಕಾಣುತ್ತದೆ. ಆ ಹೆಣ್ಣುಮಕ್ಕಳು ನಮಗಿಂತ ಹೆಚ್ಚು ಪುಣ್ಯವಂತರೆಂದು ಹೀಗಾಯಿತೆ? ಇರಬಹುದು. ಆದರೆ ಬಟ್ಟೆಯ ಗುಣವೂ ಇದಕ್ಕೆ ಕಾರಣ. ಬಟ್ಟೆ ಕೈಯಲ್ಲಿರುತ್ತದೆ, ಹೊಲಿಯುವವಳೇ ಅದನ್ನು ಗಳಿಗೆಗೊಮ್ಮೆ ಮಗುಚುತ್ತಾಳೆ. ಹಿಂಬದಿಯನ್ನು ಮೊದಲು ನೋಡುವವಳು ಅವಳೇ. ತನ್ನ ಕೆಲಸದ ಬೆನ್ನನ್ನು ತಾನೇ ದಿನವೂ ನೋಡುವವನಿಗೆ ಅಲ್ಲಿ ಗಂಟು ಬಿಡಲು ಮನಸ್ಸು ಬರುವುದಿಲ್ಲ. ಬೇರೆಯವರ ಕಾವಲಿಗಿಂತ ಈ ರೂಢಿ ಬಲವಾದದ್ದು. ದೋಸೆ ಹೊಯ್ಯುವವರಿಗೂ ಇದು ಗೊತ್ತು. ತಳ ಹದವಾಗಿ ಬೆಂದಿತೆ ಎಂದು ಅವರು ಅಂಚನ್ನು ಎತ್ತಿ ನೋಡುವುದು ಗಿರಾಕಿಯ ಭಯದಿಂದಲ್ಲ.

ಇದಕ್ಕೆ ಒಂದು ಬಲವಾದ ಆಕ್ಷೇಪಣೆಯಿದೆ. ನಮ್ಮ ಮೂವರಲ್ಲಿಯೇ ಒಬ್ಬರು ಅದನ್ನು ಎತ್ತಿದರು. ಅನುಕೂಲವಿದ್ದರೆ ಮಾತ್ರ ಒಳ್ಳೆಯವನಾಗಿರುವವನ ಒಳ್ಳೆಯತನಕ್ಕೆ ಬೆಲೆಯೇನು? ಆ ಮೂಲೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಸೆದವನಿಗೆ ಸ್ಟ್ಯಾಂಡು ಎಲ್ಲಿತ್ತು? ಅವನೂ ಬೆನ್ನ ಮೇಲೆಯೇ ಮಲಗಿದ್ದನಲ್ಲ? ಮಾತು ನಿಜ. ಅಂಥವನು ದೊಡ್ಡವನು, ಅವನಿಗೆ ನಾವು ಕೈಮುಗಿಯುತ್ತೇವೆ. ಆದರೆ ಎಲ್ಲ ಬೆಸುಗೆಯನ್ನೂ ದೊಡ್ಡವರೇ ಹಾಕಬೇಕೆಂದು ಕಾಯುತ್ತ ಕೂತರೆ ಊರಿನ ಕಾರುಗಳೆಲ್ಲ ತುಕ್ಕು ಹಿಡಿಯುತ್ತವೆ. ಸಾಮಾನ್ಯನೂ ಒಳ್ಳೆಯ ಕೆಲಸ ಮಾಡಬಲ್ಲ ಸ್ಥಿತಿಯನ್ನು ತರುವುದು ಸಮಾಜದ ಕೆಲಸ. ಅದು ದೊಡ್ಡವರ ಹಿರಿಮೆಯನ್ನು ಕಡಿಮೆ ಮಾಡುವುದಿಲ್ಲ.

ಅಲ್ಲದೆ ಸ್ಟ್ಯಾಂಡು ಇನ್ನೊಂದು ಉಪಕಾರ ಮಾಡುತ್ತದೆ. ಕೈಗೆಟುಕದೆ ಕೆಟ್ಟ ಕೆಲಸ ಮಾಡಿದವನು ಒಬ್ಬ, ಕಾಣುವುದಿಲ್ಲವೆಂದು ಬೇಕೆಂದೇ ಕೆಟ್ಟ ಕೆಲಸ ಮಾಡಿದವನು ಇನ್ನೊಬ್ಬ. ಕಾರು ನೆಲದ ಮೇಲಿರುವಾಗ ಇಬ್ಬರೂ ಒಂದೇ ಕತ್ತಲೆಯಲ್ಲಿ ಮಲಗಿರುತ್ತಾರೆ. ಯಾರನ್ನು ಕ್ಷಮಿಸಬೇಕು, ಯಾರನ್ನು ಕೇಳಬೇಕು ಎಂದು ತಿಳಿಯುವುದಿಲ್ಲ. ತಳ ಸೊಂಟದೆತ್ತರಕ್ಕೆ ಬಂದ ಮೇಲೆ ಮೊದಲನೆಯವನು ಸಂತೋಷದಿಂದ ಪೂರಾ ಬೆಸುಗೆ ಹಾಕುತ್ತಾನೆ. ಎರಡನೆಯವನಿಗೆ ನೆಪ ಉಳಿಯುವುದಿಲ್ಲ. ಅನುಕೂಲ ಗುಣವನ್ನು ಅಗ್ಗ ಮಾಡುತ್ತದೆ ಎಂದು ಹೆದರುವವರು ಇದನ್ನು ಯೋಚಿಸಬೇಕು. ನಮ್ಮ ಅನುಭವದಲ್ಲಿ ಅನುಕೂಲವೇ ಗುಣವನ್ನು ಪರೀಕ್ಷೆಗೆ ಒಡ್ಡಿತು.

ಪರೀಕ್ಷೆ ಮಾಲಿಕರಿಗೂ ಆಯಿತು. ತಳ ನೋಡಿದ ಮೇಲೆ, ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಪುಟ್ಟಿ ಹಚ್ಚಿ ಮಾರುವ ಲೆಕ್ಕ ನೆನ್ನೆಯವರೆಗೆ ಬರಿಯ ವ್ಯಾಪಾರವಾಗಿತ್ತು. ಈಗ ಕೊಳ್ಳುವವನ ಮಕ್ಕಳನ್ನು ತೂತಾದ ನೆಲದ ಮೇಲೆ ಕೂರಿಸುವ ಲೆಕ್ಕವಾಯಿತು. ಸರಿಯಾಗಿ ಮಾಡಿಸಿದರೆ ಹಾಕಿದ ದುಡ್ಡು ಮಾರಾಟದಲ್ಲಿ ಹಿಂದಕ್ಕೆ ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಎರಡು ರಾತ್ರಿ ಮನೆಯಲ್ಲಿ ಮಾತು ನಡೆಯಿತು. ಕೊನೆಗೆ, ಮಾರುವುದು ಬಿಡುವುದು ಆಮೇಲಿನ ಮಾತು, ನೆಲವನ್ನು ಪೂರ್ತಿ ಹೊಸದಾಗಿ ಹಾಕಿಸುವುದೇ ಸರಿ ಎಂದು ತೀರ್ಮಾನವಾಯಿತು. ಮಾರಿದರೂ, ಏನೇನು ಮಾಡಿಸಿತು ಎಂಬುದರ ಫೋಟೋಗಳನ್ನು ಕಾರಿನ ಕಾಗದಪತ್ರದ ಜತೆಗೆ ಕೊಡುವುದೆಂದು ಹೆಂಗಸರು ಸೂಚಿಸಿದರು. ತಳವನ್ನು ಮಗುಚಲಾಗದ ಕೊಳ್ಳುವವನಿಗೆ ಆ ಫೋಟೋಗಳೇ ಸ್ಟ್ಯಾಂಡು.

ಇದು ಹಳೆಯ ಕಾರಿನ ಹುಚ್ಚಿರುವ ಕೆಲವರ ಸಂಗತಿ ಎಂದು ಓದುಗರು ತಳ್ಳಿಹಾಕದಿರಲಿ. ೨೦೧೫ರ ಡಿಸೆಂಬರಿನ ಪ್ರವಾಹದಲ್ಲಿ, ಮತ್ತೆ ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ, ಈ ನಗರದ ಲೆಕ್ಕವಿಲ್ಲದಷ್ಟು ಕಾರುಗಳು ನೀರಿನಲ್ಲಿ ನಿಂತವು. ನೀರಿಳಿದ ಮೇಲೆ ರತ್ನಗಂಬಳಿಯನ್ನು ತೊಳೆದು ಒಣಗಿಸಬಹುದು, ಸುಗಂಧ ಹಾಕಬಹುದು. ಹೊಸ್ತಿಲ ಪೆಟ್ಟಿಗೆಯೊಳಗೆ ಹೊಕ್ಕ ಕೆಸರು ಅಲ್ಲಿಯೇ ಕೂತು ತನ್ನ ಕೆಲಸ ಮಾಡುತ್ತಿರುತ್ತದೆ. ಅಂಥ ಕಾರನ್ನು ಮಾರುವಾಗ ನೀರು ಕಂಡ ಕಾರು ಎಂದು ಹೇಳಬೇಕೆ, ಕೇಳಿದರೆ ಮಾತ್ರ ಹೇಳಬೇಕೆ? ನಮ್ಮ ಉತ್ತರ ಸ್ಪಷ್ಟ. ಮಗುಚಿ ನೋಡುವ ಶಕ್ತಿಯಿಲ್ಲದವನಿಗೆ ಕೇಳುವ ತಿಳಿವಳಿಕೆಯೂ ಇರುವುದಿಲ್ಲ. ಹೇಳುವ ಹೊಣೆ ತಳ ಬಲ್ಲವನದು.

ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಈ ಮಾತು ಕಾರಿನಾಚೆಗೂ ಸಲ್ಲುತ್ತದೆ. ಊರಿನಲ್ಲಿರುವ ವೃದ್ಧ ತಂದೆತಾಯಿಗಳು ಫೋನಿನಲ್ಲಿ ಚೆನ್ನಾಗಿದ್ದೇವೆ ಎನ್ನುತ್ತಾರೆ. ಅದು ಬಣ್ಣ ಹೊಡೆದ ಬಾಗಿಲು. ಮಾಡಿನ ಯಾವ ಮೂಲೆ ಸೋರುತ್ತದೆ, ಯಾವ ಮಾತ್ರೆ ಮುಗಿದು ಎಷ್ಟು ದಿನವಾಯಿತು, ರಾತ್ರಿ ಎದ್ದಾಗ ಗೋಡೆ ಹಿಡಿದು ನಡೆಯುತ್ತಾರೋ ಏನೋ, ಇವು ಫೋನಿಗೆ ಎಟುಕುವುದಿಲ್ಲ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಎರಡು ನಿಮಿಷದ ಕರೆಯಲ್ಲಿ ತಳ ತೋರಿಸಲು ಸಾಧ್ಯವಿಲ್ಲ. ಹಬ್ಬಕ್ಕೆ ಬಂದು ಮರುದಿನ ರೈಲು ಹತ್ತುವ ಮಕ್ಕಳಿಗೂ ಅದು ಕಾಣದು. ಹತ್ತು ದಿನ ಇದ್ದು, ಅಡಿಗೆಮನೆಯಲ್ಲಿ ಕೂತು, ಔಷಧದ ಡಬ್ಬಿಯನ್ನು ಜತೆಯಲ್ಲಿ ತೆಗೆದು ನೋಡಿದರೆ ಕಾಣುತ್ತದೆ. ಆ ಹತ್ತು ದಿನವೇ ಅಲ್ಲಿಯ ಸ್ಟ್ಯಾಂಡು. ಹಾಗೆಯೇ ಸಂಘಗಳ ಲೆಕ್ಕಪತ್ರವೂ. ಖಜಾಂಚಿ ಪ್ರಾಮಾಣಿಕನಾಗಿರಲಿ ಎಂದು ಹಾರೈಸುವುದಕ್ಕಿಂತ, ತಿಂಗಳಿಗೊಮ್ಮೆ ರಸೀದಿಗಳನ್ನು ಇಬ್ಬರು ಸದಸ್ಯರು ತೆರೆದು ನೋಡುವ ಪದ್ಧತಿಯಿಟ್ಟರೆ ಪ್ರಾಮಾಣಿಕನಾದ ಖಜಾಂಚಿಯೇ ಎಲ್ಲರಿಗಿಂತ ಮೊದಲು ಸಂತೋಷಪಡುತ್ತಾನೆ. ಅವನ ಬೆನ್ನ ಮೇಲಿನ ಭಾರ ಇಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಮಗುಚಿ ನೋಡುವುದು ಬೇರೆ, ಎಳೆದು ಕೆಡವುವುದು ಬೇರೆ. ಆಧಾರದ ಸರಳು ಹಾಕದೆ ನೆಲ ಕತ್ತರಿಸಿದರೆ ಡಬ್ಬ ಕುಸಿಯುವಂತೆ, ಪ್ರೀತಿಯ ಆಧಾರವಿಲ್ಲದೆ ಮನೆಯವರ, ನೆರೆಯವರ ತಳವನ್ನು ಬೆಳಕಿಗೆ ಹಿಡಿದರೆ ಸಂಬಂಧವೇ ಸೊಟ್ಟಗಾಗುತ್ತದೆ. ತೋರಿಸಿಕೊಳ್ಳುವವನಿಗೆ ತಾನು ಬೀಳುವುದಿಲ್ಲ ಎಂಬ ಭರವಸೆ ಮೊದಲು ಸಿಗಬೇಕು. ಅದಿಲ್ಲದ ಕಡೆ ಜನ ಪುಟ್ಟಿಯನ್ನು ಇನ್ನೂ ದಪ್ಪವಾಗಿ ಬಳಿಯುತ್ತಾರೆ.

ಪದ್ಮಿನಿಯ ನೆಲ ಈಗ ಹೊಸದಾಗಿದೆ. ಪೆಟ್ಟಿಗೆಗಳೊಳಗೆ ತುಕ್ಕು ತಡೆಯುವ ಮೇಣ ಹೊಯ್ದು, ನೀರಿಳಿಯುವ ತೂತುಗಳನ್ನು ತೆರೆದಿಡಲಾಗಿದೆ. ಅಂಟಿನ ತೇಪೆಗಳು ಹೋದವು; ಆ ಹೆಸರಿಲ್ಲದವನ ಬೆಸುಗೆ ಅಲ್ಲಿಯೇ ಇದೆ. ಸ್ಟ್ಯಾಂಡಿನ ಮುಖ್ಯ ಜೋಡಣೆಗಳನ್ನು ಬೆಸೆಯದೆ ಬೋಲ್ಟಿನಿಂದಲೇ ಕಟ್ಟಿಸಿದ್ದೆವು, ಬಿಚ್ಚಿ ಸಾಗಿಸಬಹುದೆಂದು. ಈಗ ಅದು ಆರು ತುಂಡಾಗಿ ಕಾಸಿಮೇಡಿನ ಶೆಡ್ಡಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಹಳೆಯ ಕಾರಿರುವ ಸಂಘದ ಸದಸ್ಯರು ಯಾರೇ ಕೇಳಿದರೂ ಕೊಡಬಹುದು. ಒಂದೇ ಷರತ್ತು: ಬೆಸುಗೆಗಾರರಿಗೆ ಸಲ್ಲುವ ಕೂಲಿಯಲ್ಲಿ ಚೌಕಾಸಿ ಮಾಡಕೂಡದು.